ಒಂದು ಹೆಸರು, ಐನೂರು ಮೀನು: ವಿಕ್ಟೋರಿಯಾ ಸರೋವರದ ಪ್ರಭೇದಗಳ ವಂಶಚರಿತ್ರೆ

ಜಾನಪದ ಅಧ್ಯಯನವು ಜೀವವಿಜ್ಞಾನಕ್ಕೆ ಋಣಿಯಾಗಿರುವುದು ಇಂದು ನಿನ್ನೆಯ ಸಂಗತಿಯಲ್ಲ. ಒಂದೇ ಕಥೆಯು ಬೇರೆ ಬೇರೆ ಪ್ರದೇಶಗಳಲ್ಲಿ ಆಯಾ ನೆಲಕ್ಕೆ ಹೊಂದಿಕೊಂಡು ತನ್ನದೇ ರೂಪ ತಳೆಯುವುದನ್ನು ವಿವರಿಸಲು ಸ್ವೀಡನ್ನಿನ ವಿದ್ವಾಂಸ ಕಾರ್ಲ್ ವಿಲ್‌ಹೆಲ್ಮ್ ಫಾನ್ ಸಿಡೋ ಬಳಕೆಗೆ ತಂದ ‘ಓಯ್ಕೋಟೈಪ್’ ಎಂಬ ಪರಿಭಾಷೆ ಸಸ್ಯಶಾಸ್ತ್ರದಿಂದ ಪಡೆದ ಎರವಲು. ಎರವಲು ತಂದ ಮನೆಯಲ್ಲಿ ಆಮೇಲೆ ಏನು ನಡೆಯಿತೆಂದು ನಾವು ವಿಚಾರಿಸಿದ್ದು ಕಡಿಮೆ. ಒಂದು ಕುಲ ಹಲವಾಗಿ ಒಡೆಯುವುದು ಹೇಗೆ ಎಂಬ ಪ್ರಶ್ನೆಗೆ ವಿಕ್ಟೋರಿಯಾ ಸರೋವರದ ಸಿಕ್ಲಿಡ್ ಮೀನುಗಳು ಕೊಟ್ಟಿರುವ ಉತ್ತರ ನಮ್ಮ ಕ್ಷೇತ್ರಕ್ಕೂ ಸಂಬಂಧಿಸಿದ್ದೆಂಬ ನಂಬಿಕೆಯಿಂದ ಈ ಲೇಖನವನ್ನು ಬರೆಯಲಾಗಿದೆ.

ತಾಂಜಾನಿಯಾ, ಉಗಾಂಡಾ, ಕೀನ್ಯಾ ದೇಶಗಳ ನಡುವೆ ಸುಮಾರು 68,000 ಚದರ ಕಿಲೋಮೀಟರ್ ಹರಡಿರುವ ಈ ಸರೋವರದಲ್ಲಿ ಸಿಕ್ಲಿಡ್ ಕುಟುಂಬದ ಸುಮಾರು 500 ಕಿರುಮೀನು ಪ್ರಭೇದಗಳಿದ್ದವೆಂದು ವಿದ್ವಾಂಸರ ಅಂದಾಜು. (ನಮ್ಮ ಕೆರೆಗಳಲ್ಲಿ ಹಿಡಿದು ‘ಜಿಲೇಬಿ’ ಎಂದು ಮಾರುವ ತಿಲಾಪಿಯಾ ಕೂಡ ಇದೇ ಕುಟುಂಬದ್ದು.) ದಂಡೆಯ ಜನರಾದರೋ ಈ ಕಿರುಮೀನುಗಳೆಲ್ಲವನ್ನೂ ಒಂದೇ ಹೆಸರಿನಿಂದ ಕರೆದರು. ತಾಂಜಾನಿಯಾದಲ್ಲಿ ಅದು ‘ಫುರು’, ಲುವೊ ಭಾಷೆಯಲ್ಲಿ ‘ಫುಲು’, ಲುಗಾಂಡಾದಲ್ಲಿ ‘ಎನ್‌ಕೆಜೆ’. ಬುಗಾಂಡಾದಲ್ಲಿ ಎನ್‌ಕೆಜೆ ಒಂದು ಕುಲದ ಲಾಂಛನವೂ ಹೌದು. ನಮ್ಮ ಬೆಡಗು, ಬಳಿಗಳಲ್ಲಿರುವಂತೆ ಆ ಕುಲದವರು ತಮ್ಮ ಲಾಂಛನವನ್ನು ತಿನ್ನುವುದಿಲ್ಲ, ಕುಲದೊಳಗೆ ಮದುವೆಯಾಗುವುದಿಲ್ಲ. ಮನುಷ್ಯರು ಹೊರಗೆ ಹೆಣ್ಣು ತರಬೇಕೆಂಬ ಕಟ್ಟಳೆಗೆ ಗುರುತಾದ ಮೀನೇ ಒಳಗೊಳಗೆ ಜೊತೆ ಹುಡುಕಿ ಐನೂರಾಯಿತೆಂಬುದು ಸ್ವಾರಸ್ಯದ ಸಂಗತಿ.

ಈ ಐನೂರನ್ನು ಬಿಡಿಸಿ ನೋಡುವ ಕಾರ್ಯ ಬಹುಕಾಲ ಹಿಡಿಯಿತು. ಬ್ರಿಟನ್ನಿನ ಹಂಫ್ರಿ ಗ್ರೀನ್‌ವುಡ್ 1974ರಲ್ಲಿ ಪ್ರಕಟಿಸಿದ ಗ್ರಂಥದಲ್ಲಿ ಇವುಗಳನ್ನು ‘ಪ್ರಭೇದಗಳ ಹಿಂಡು’ ಎಂದು ವಿವರಿಸಿದರು. 1977ರಿಂದ ನೆದರ್ಲೆಂಡ್ಸಿನ ಲೈಡನ್ ವಿಶ್ವವಿದ್ಯಾಲಯದ ತಂಡವು ಮ್ವಾಂಜಾ ಕೊಲ್ಲಿಯಲ್ಲಿ ಕ್ಷೇತ್ರಕಾರ್ಯ ನಡೆಸಿತು. 1950ರ ದಶಕದಲ್ಲಿ ಹೊರಗಿನಿಂದ ತಂದು ಬಿಟ್ಟ ನೈಲ್ ಪರ್ಚ್ ಎಂಬ ಬೃಹತ್ ಬೇಟೆಮೀನು 1980ರ ದಶಕದಲ್ಲಿ ಮಿತಿಮೀರಿ ಹೆಚ್ಚಿದಾಗ, ಆ ತಂಡವು ಎಣಿಸುತ್ತಿದ್ದ ಮೀನುಗಳು ಅದರ ಕಣ್ಣೆದುರಿಗೇ ಮಾಯವಾದವು. ಸುಮಾರು 200 ಪ್ರಭೇದಗಳು ನಷ್ಟವಾದವೆಂದು ಅಂದಾಜಿಸಲಾಗಿದೆ. ಕಥನಗಾರ್ತಿಯ ಊರಿಗೆ ಧ್ವನಿಮುದ್ರಣ ಯಂತ್ರ ಹಿಡಿದು ಹೋದಾಗ ಆಕೆ ತೀರಿಕೊಂಡ ಸುದ್ದಿ ಕೇಳಿ ಹಿಂದಿರುಗಿದ ಯಾರಿಗಾದರೂ ಆ ಸಂಶೋಧಕರ ಸ್ಥಿತಿ ಅರ್ಥವಾದೀತು.

ವಂಶವಾಹಿಗಳ ಅಧ್ಯಯನಕ್ಕೆ ಮುಖ್ಯ ಆಕರವಾದದ್ದು ಬಂಡೆಗಳ ನಡುವೆ ಬಾಳುವ ಎರಡು ಮೀನುಗಳು. ಒಂದು ಪುಂಡಾಮಿಲಿಯಾ ಪುಂಡಾಮಿಲಿಯಾ. ‘ಪುಂಡಾ ಮಿಲಿಯಾ’ ಎಂದರೆ ಸ್ವಾಹಿಲಿಯಲ್ಲಿ ಪಟ್ಟೆಗತ್ತೆ, ಅಂದರೆ ಜೀಬ್ರಾ. ಇನ್ನೊಂದು, ತಾಂಜಾನಿಯಾದ ಮೊದಲ ಅಧ್ಯಕ್ಷ ಜೂಲಿಯಸ್ ನ್ಯೆರೆರೆಯವರ ಹೆಸರು ಹೊತ್ತ ಪುಂಡಾಮಿಲಿಯಾ ನ್ಯೆರೆರೈ. ಮೊದಲನೆಯದರ ಗಂಡು ನೀಲಿ, ಎರಡನೆಯದರ ಗಂಡು ಕೆಂಪು. ನೀಲಿಯದು ಮೇಲ್ನೀರಿನಲ್ಲಿ, ಕೆಂಪಿನದು ತುಸು ಆಳದಲ್ಲಿ ವಾಸಿಸುತ್ತದೆ. ಈ ಸರೋವರದ ನೀರಿನಲ್ಲಿ ತೇಲುವ ಕಣಗಳು ನೀಲಿ ಬೆಳಕನ್ನು ಬೇಗ ಹೀರುವುದರಿಂದ ಆಳಕ್ಕೆ ಇಳಿದಂತೆ ಕೆಂಪು ಬೆಳಕೇ ಮಿಗುತ್ತದೆ. ಅದಕ್ಕೆ ತಕ್ಕಂತೆ ಅಕ್ಷಿಪಟಲದಲ್ಲಿ ದೀರ್ಘ ತರಂಗದ ಬೆಳಕನ್ನು ಗ್ರಹಿಸುವ ಆಪ್ಸಿನ್ ಎಂಬ ಪ್ರೋಟೀನಿನ ವಂಶವಾಹಿಯು ಎರಡು ಮೀನುಗಳಲ್ಲಿ ಎರಡು ರೂಪದಲ್ಲಿದೆ; ಆಳದ ಮೀನಿನ ಕಣ್ಣು ಕೆಂಪಿನತ್ತ ಹೆಚ್ಚು ಒಲಿದಿದೆ. ಹೆಣ್ಣು ತನ್ನ ಕಣ್ಣಿಗೆ ಎದ್ದು ಕಾಣುವ ಗಂಡನ್ನೇ ಆರಿಸುತ್ತದೆ. ಓಲೆ ಸೀಹೌಸೆನ್ ಮತ್ತು ಸಂಗಡಿಗರು 2008ರಲ್ಲಿ ಪ್ರಕಟಿಸಿದ ಈ ಶೋಧದ ಪ್ರಕಾರ, ನಡುವೆ ಬೆಟ್ಟವಾಗಲಿ ನದಿಯಾಗಲಿ ಅಡ್ಡಬರದಿದ್ದರೂ ನೋಟವೇ ಕುಲವನ್ನು ಎರಡಾಗಿಸಬಲ್ಲದು.

ಆ ಬೇಲಿ ಎಷ್ಟು ತೆಳುವೆಂಬುದೂ ತಿಳಿದಿದೆ. ಬಣ್ಣ ಕಾಣದಂತೆ ಕಿತ್ತಳೆ ಬೆಳಕಿನಡಿ ಇಟ್ಟಾಗ ಹೆಣ್ಣುಗಳು ಭೇದವೆಣಿಸದೆ ಕೂಡಿದವು. ಹುಟ್ಟಿದ ಸಂಕರ ಸಂತಾನವೂ ಬಂಜೆಯಲ್ಲ. ತಿಳಿನೀರಿನ ಮಕೋಬೆ ದ್ವೀಪದಲ್ಲಿ ನೀಲಿ, ಕೆಂಪುಗಳು ಸ್ಪಷ್ಟವಾಗಿ ಬೇರೆಯಾಗಿದ್ದರೆ, ಕೊಲ್ಲಿಯ ಒಳಗಿನ ಕದಡಿದ ನೀರಿನ ಲುವಾನ್ಸೊದಲ್ಲಿ ನಡುಬಣ್ಣದ ಮೀನುಗಳೇ ಹೆಚ್ಚು. ದಂಡೆಯ ಹೊಲಗಳ, ಪಟ್ಟಣಗಳ ಕೊಳೆ ಸೇರಿ ನೀರು ಮಬ್ಬಾದರೆ, ಯಾವ ಬೇಟೆಮೀನಿನ ನೆರವೂ ಇಲ್ಲದೆ ಪ್ರಭೇದಗಳು ಒಂದರೊಳಗೊಂದು ಕರಗಿಹೋಗುತ್ತವೆಂದು ಇದೇ ವಿದ್ವಾಂಸರು 1997ರಲ್ಲಿಯೇ ಎಚ್ಚರಿಸಿದ್ದರು.

ಇನ್ನೊಂದು ತೊಡಕು ಉಳಿದಿತ್ತು. ಸರೋವರ ಒಮ್ಮೆ ಪೂರ್ತಿ ಬತ್ತಿ, ಸುಮಾರು 15,000 ವರ್ಷಗಳ ಹಿಂದೆ ಮತ್ತೆ ತುಂಬಿತೆಂದು ತಳದ ಹೂಳಿನ ಪರೀಕ್ಷೆಯಿಂದ 1996ರಲ್ಲಿ ತಿಳಿದುಬಂದಿತು. ಇಷ್ಟು ಅಲ್ಪಾವಧಿಯಲ್ಲಿ ಐನೂರು ಪ್ರಭೇದಗಳಿಗೆ ಬೇಕಾದ ವೈವಿಧ್ಯ ಎಲ್ಲಿಂದ ಬರಬೇಕು? 2017ರಲ್ಲಿ ಯೋವಾನಾ ಮೇಯರ್ ಮತ್ತು ಸಂಗಡಿಗರು ತೋರಿಸಿದಂತೆ, ಸುಮಾರು 1,50,000 ವರ್ಷಗಳ ಹಿಂದೆ ಕಾಂಗೋ ಕಡೆಯ ಒಂದು ವಂಶವೂ ಮೇಲಿನ ನೈಲ್ ಕಡೆಯ ಒಂದು ವಂಶವೂ ಕೂಡಿದ್ದವು. ಕಣ್ಣಿನ ಆ ವಂಶವಾಹಿಯ ಎರಡು ರೂಪಗಳು ಎರಡು ತವರುಗಳಿಂದ ಒಂದೊಂದಾಗಿ ಬಂದ ಬಳುವಳಿ. ಜೌಗುಗಳಲ್ಲಿ ಉಳಿದುಕೊಂಡಿದ್ದ ಇಂತಹ ಹಲವು ಸಂಕರ ಗುಂಪುಗಳು ಹೊಸ ಸರೋವರದಲ್ಲಿ ಮತ್ತೆ ಬೆರೆತು, ಬಳಿಕ ಒಡೆದವೆಂದು 2023ರ ಅಧ್ಯಯನ ವಿವರಿಸಿತು. ಹೊಸತನ್ನು ಸೃಷ್ಟಿಸುವುದಕ್ಕಿಂತ ಹಳೆಯದನ್ನೇ ಹೊಸದಾಗಿ ಜೋಡಿಸಿದ್ದು ಇಲ್ಲಿ ಹೆಚ್ಚು.

ನಮ್ಮ ಶಾಸ್ತ್ರದ ಫಿನ್ನಿಷ್ ಪಂಥವು ಪಾಠಾಂತರಗಳನ್ನು ಹೋಲಿಸಿ ಮೂಲರೂಪ ಒಂದನ್ನು ಹುಡುಕಿತು. ಬೆರಕೆಯಾದ ಪಾಠವನ್ನು ಕೆಟ್ಟ ಪಾಠವೆಂದು ಬದಿಗಿಡುವ ಅಭ್ಯಾಸ ಇಂದಿಗೂ ನಮ್ಮಲ್ಲಿ ಪೂರ್ತಿ ಹೋಗಿಲ್ಲ. ನನ್ನ ಸಂಗ್ರಹದಲ್ಲಿಯೂ ಹಾಗೆ ಬದಿಗಿಟ್ಟ ಪಾಠಗಳಿವೆ. ಅವುಗಳನ್ನು ಮತ್ತೆ ತೆಗೆದು ಓದಬೇಕೆನಿಸಿದ್ದು ಈ ಮೀನುಗಳ ಚರಿತ್ರೆಯಿಂದ. ಕಥೆಗೆ ವಂಶವಾಹಿ ಇಲ್ಲ ಎಂಬ ಆಕ್ಷೇಪವನ್ನು ಒಪ್ಪುತ್ತೇನೆ; ಬೆರಕೆಯನ್ನು ಕೊರತೆಯೆಂದು ಮೊದಲೇ ತೀರ್ಮಾನಿಸಿದ್ದು ಮಾತ್ರ ನಮ್ಮದೇ ತಪ್ಪು.

ಕೊಲ್ಲಿಯೊಳಗಿನ ಪೈಥಾನ್ ದ್ವೀಪದಲ್ಲಿಯೂ ನೀಲಿ, ಕೆಂಪು ಮೀನುಗಳಿವೆ. ನೋಡಲು ಮಕೋಬೆಯವುಗಳಂತೆಯೇ ಇವೆ. ಆದರೆ ಇಡೀ ಜೀನೋಮನ್ನು ಓದಿದಾಗ ಇಲ್ಲಿಯ ಕೆಂಪಿಗೆ ಹತ್ತಿರದ ನಂಟು ಮಕೋಬೆಯ ಕೆಂಪಲ್ಲ, ಪಕ್ಕದ ನೀಲಿಯೇ ಎಂದು ಕಂಡಿತು. ಹೊರಗಿನಿಂದ ಬಂದ ಕೆಂಪು ಇಲ್ಲಿಯ ನೀಲಿಯೊಡನೆ ಬೆರೆತು, ಆ ಬೆರಕೆಯೇ ಮತ್ತೊಮ್ಮೆ ಎರಡಾಗಿತ್ತು. ಹೀಗಾಗಿ ವಿದ್ವಾಂಸರು ಪೈಥಾನಿನ ಕೆಂಪನ್ನು ಈಗ ನ್ಯೆರೆರೈ ಎನ್ನದೆ ‘ನ್ಯೆರೆರೈಯಂತಹುದು’ ಎಂದೂ, ನೀಲಿಯನ್ನು ‘ಪುಂಡಾಮಿಲಿಯಾದಂತಹುದು’ ಎಂದೂ ದಾಖಲಿಸುತ್ತಿದ್ದಾರೆ. ಫುರು ಎಂಬ ಹೆಸರನ್ನು ತಿದ್ದುವ ಅಗತ್ಯ ಬಿದ್ದಿಲ್ಲ.