ನೀಲಿ ಗುಂಡಿನ ಕಥೆ

ಎರಡನೇ ಮಹಾಯುದ್ಧದಲ್ಲಿ ಅಮೆರಿಕದ ಯುದ್ಧನೌಕೆಗಳ ಮೇಲೆ 5 ಇಂಚಿನ ಫಿರಂಗಿ ಇರ್ತಿತ್ತು. ಒಂದೊಂದು ಗುಂಡು ಸುಮಾರು 25 ಕೆಜಿ! ಪಳಗಿದ ತಂಡ ನಿಮಿಷಕ್ಕೆ 15 ಗುಂಡು ತುಂಬ್ತಿತ್ತು. ಆ ಕೈಚಳಕ ಬರಬೇಕಾದ್ರೆ ಮದ್ದಿಲ್ಲದ ಡಮ್ಮಿ ಗುಂಡುಗಳನ್ನ ಎತ್ತಿ ಎತ್ತಿ ತಾಲೀಮು ಮಾಡಲೇಬೇಕಿತ್ತು.

ಇಂಥ ತಾಲೀಮು ಗುಂಡುಗಳು ಈಗ ಹವ್ಯಾಸಿ ಸಂಗ್ರಾಹಕರ ಕಪಾಟು ಸೇರಿವೆ. ಸರಿ, ಗುರುತಿಸೋದು ಹೇಗೆ? ಅಮೆರಿಕದ ಇಂದಿನ ಸೇನಾ ಪದ್ಧತಿಯಲ್ಲಿ ಕಂಚಿನ ಬಣ್ಣ ಅಂದ್ರೆ ಡಮ್ಮಿ, ನೀಲಿ ಅಂದ್ರೆ ಅಭ್ಯಾಸಕ್ಕೆ ಹಾರಿಸೋದು. ಎಡವಟ್ಟಾಗೋದು ಇಲ್ಲೇ... ಬಿದ್ದ ಜಾಗ ಹೊಗೆಯಿಂದ ಗೊತ್ತಾಗಲಿ ಅಂತ ನೀಲಿ ಗುಂಡಿನೊಳಗೆ ಒಂಚೂರು ಮದ್ದು ಇರಬಹುದು!

ನಮ್ಮ ಸಾಫ್ಟ್‌ವೇರ್ ಭಾಷೆಯಲ್ಲಿ ಹೇಳೋದಾದ್ರೆ ಬಣ್ಣ ಬರೀ ಕಾಮೆಂಟ್, ಕೋಡ್ ಅಲ್ಲ. ಯಾರು ಬೇಕಾದ್ರೂ ಬದಲಾಯಿಸಬಹುದು. ಲೋಹದ ಮೇಲೆ ಒತ್ತಿದ ಮಾರ್ಕ್ ಸಂಖ್ಯೆ ಗುಂಡಿನ ಮಾದರಿ ಯಾವುದು ಅಂತ ಹೇಳುತ್ತೆ, ಹೊಟ್ಟೆಯೊಳಗೆ ಏನಿದೆ ಅಂತ ಹೇಳಲ್ಲ.

ಹಳೇದು ಅಂದ್ರೆ ಸತ್ತಿದ್ದು ಅಂತಲೂ ಅಲ್ಲ. 1865ರಲ್ಲಿ ಮುಗಿದ ಅಮೆರಿಕದ ಅಂತರ್ಯುದ್ಧದ ನೌಕಾ ಗುಂಡೊಂದು 2008ರಲ್ಲಿ, ವರ್ಜೀನಿಯಾದಲ್ಲಿ, ಅದನ್ನ ಸರಿಮಾಡ್ತಿದ್ದ ಅನುಭವಿ ಸಂಗ್ರಾಹಕರನ್ನೇ ಬಲಿ ತಗೊಂಡಿತು.

ಹಾಗಾಗಿ ಗೆಳೆಯರೇ, ಇಂಥದ್ದು ಕಣ್ಣಿಗೆ ಬಿದ್ರೆ ಉಜ್ಜೋದು, ಕೊರೆಯೋದು ಬೇಡ. ದೂರದಿಂದ ಪೊಲೀಸರಿಗೆ ತಿಳಿಸಿ. ಇತಿಹಾಸ ಓದೋಕೆ ನಾವು ಉಳಿದಿರಬೇಕಲ್ಲ, ಏನಂತೀರಿ? :)