ಪಾನಕದಲ್ಲಿ ಪರಿಮಾಣ

ಭಟ್ಕಳ, ಹೊನ್ನಾವರ, ಕುಮಟಾ ಸೀಮೆಯ ಬಂದರುಗಳಿಂದ ಒಂದು ಕಾಲದಲ್ಲಿ ಕಾಳುಮೆಣಸು ಹೊರದೇಶಗಳಿಗೆ ಹೋಗುತ್ತಿತ್ತು. ಗೇರುಸೊಪ್ಪೆಯ ಜೈನರಾಣಿ ಚೆನ್ನಭೈರಾದೇವಿಯನ್ನು ಪೋರ್ಚುಗೀಸರು ‘ಮೆಣಸಿನ ರಾಣಿ’ ಎಂದೇ ಕರೆದರು. ಇಂದು ಇದೇ ಪೇಟೆಗಳಿಗೆ ಹೊರಗಿನಿಂದ ಬರುವ ಸರಕುಗಳಲ್ಲಿ ಸಿಹಿ ಸೋಡಾದ ಬಾಟಲಿಯೂ ಒಂದು.

1767ರಲ್ಲಿ ಇಂಗ್ಲೆಂಡಿನ ಜೋಸೆಫ್ ಪ್ರೀಸ್ಟ್ಲಿ, ಬಿಯರ್ ಹುದುಗುವ ತೊಟ್ಟಿಯ ಮೇಲೆ ನಿಲ್ಲುವ ಅನಿಲವನ್ನು ನೀರಿಗೆ ಸೇರಿಸಿ ಸೋಡಾನೀರನ್ನು ಕಂಡುಕೊಂಡನು. ಇಂದಿನ 300 ಮಿಲಿಲೀಟರ್ ಕೋಲಾದಲ್ಲಿ ಸುಮಾರು 30 ಗ್ರಾಂ ಸಕ್ಕರೆ ಇರುತ್ತದೆ. ವಿಶ್ವ ಆರೋಗ್ಯ ಸಂಸ್ಥೆಯು 2015ರಲ್ಲಿ ಸೂಚಿಸಿದ ಉತ್ತಮ ಮಿತಿ ದಿನವೊಂದಕ್ಕೆ ಸುಮಾರು 25 ಗ್ರಾಂ.

ಇದಕ್ಕೆ ಬದಲಾಗಿ ಮನೆಯಲ್ಲಿ ಹಸಿಶುಂಠಿಯನ್ನು ಹುದುಗಿಸಿ ಮಾಡುವ ಪಾನೀಯ ಶ್ರಾವಕರಿಗೆ ಸಲ್ಲದು; ಹುದುಗಿನಲ್ಲಿ ಜೀವಹಿಂಸೆಯುಂಟು, ಹಸಿಶುಂಠಿ ಅನಂತಕಾಯ. ಆದರೆ ಕರಾವಳಿಯಲ್ಲಿ ಮುರುಗಲು ಇದೆ. ಅದರ ಒಣಸಿಪ್ಪೆಯನ್ನು ನೆನೆಸಿ ಹಿಂಡಿದ ರಸಕ್ಕೆ ತುಸು ಬೆಲ್ಲ, ಜೀರಿಗೆಪುಡಿ ಬೆರೆಸಿ, ಸೋಸಿ ಕಾಯಿಸಿ ಆರಿಸಿದ ನೀರನ್ನು ಮನೆಯ ಸೋಡಾಯಂತ್ರದಲ್ಲಿ ಸೋಡಾ ಮಾಡಿ ಸೇರಿಸಬಹುದು. ಅಂದಿನದು ಅಂದೇ, ಸೂರ್ಯಾಸ್ತದೊಳಗೆ ಮುಗಿಯಬೇಕು.

ಸಮಂತಭದ್ರಾಚಾರ್ಯರು ‘ರತ್ನಕರಂಡಕ ಶ್ರಾವಕಾಚಾರ’ದಲ್ಲಿ ಭೋಗೋಪಭೋಗ ಪರಿಮಾಣವನ್ನು ಗುಣವ್ರತಗಳಲ್ಲಿ ಎಣಿಸಿದ್ದಾರೆ. ಬಾಟಲಿಯ ಸಿಹಿಯ ಅಳತೆಯನ್ನು ಕಾರ್ಖಾನೆ ನಿಶ್ಚಯಿಸುತ್ತದೆ. ಮನೆಯ ಲೋಟದ ಅಳತೆ ಗೃಹಸ್ಥನ ಕೈಯಲ್ಲಿದೆ. ಬಸದಿಯ ಉತ್ಸವದಲ್ಲಿ ಬಾಟಲಿಗೆ ಬದಲು ಮುರುಗಲ ಪಾನಕವನ್ನು ನೀಡಿದರೆ, ಮಕ್ಕಳು ವ್ರತದ ಅರ್ಥವನ್ನು ನಾಲಿಗೆಯಿಂದಲೇ ಕಲಿತಾರು.