ವಿನೈಲ್ ತಟ್ಟೆ: ಸೀಮಿತ ಆವೃತ್ತಿ ಮತ್ತು ಮರುಮುದ್ರಣಗಳ ಸಂಗ್ರಹ

ಇಷ್ಟೇ ಪ್ರತಿ ಎಂದು ಮೊದಲೇ ಗೊತ್ತುಮಾಡಿ ಒತ್ತಿದ ಸಂಗೀತದ ತಟ್ಟೆಗೆ ಸೀಮಿತ ಆವೃತ್ತಿ ಎಂದು ಹೆಸರು. ಹಿಂದೊಮ್ಮೆ ಬಂದು ಅಂಗಡಿಗಳಿಂದ ಮರೆಯಾದ ಧ್ವನಿಮುದ್ರಣವನ್ನು ಮತ್ತೆ ಒತ್ತಿ ತಂದರೆ ಅದು ಮರುಮುದ್ರಣ. ಇವನ್ನು ಹುಡುಕಿ ಕೂಡಿಡುವವರಿಗೆ ಹಾಡು ಎಷ್ಟು ಮುಖ್ಯವೋ, ಆ ತಟ್ಟೆ ಯಾವ ವರ್ಷ, ಯಾವ ಕಾರ್ಖಾನೆಯಲ್ಲಿ, ಯಾವ ಅಚ್ಚಿನಿಂದ ಹೊರಬಂತು ಎಂಬುದೂ ಅಷ್ಟೇ ಮುಖ್ಯ.

ಕನ್ನಡದಲ್ಲಿ ಗ್ರಾಮಫೋನಿನ ಕಾಲದಿಂದ ‘ತಟ್ಟೆ’, ‘ಪ್ಲೇಟು’ ಎಂಬ ಮಾತುಗಳು ನಡೆದುಬಂದಿವೆ. ಆ ಹಳೆಯ ತಟ್ಟೆ ವಿನೈಲ್ ಅಲ್ಲ. ಖನಿಜದ ಪುಡಿಗೆ ಅರಗು ಬೆರೆಸಿ ಮಾಡಿದ್ದು. ಅರಗು ಬಹುಮಟ್ಟಿಗೆ ಹೋಗುತ್ತಿದ್ದುದು ಭಾರತದಿಂದಲೇ. ನಿಮಿಷಕ್ಕೆ 78 ಸುತ್ತು, ಒಂದು ಬದಿಗೆ ಮೂರು-ನಾಲ್ಕು ನಿಮಿಷದ ಹಾಡು, ಕೈಜಾರಿದರೆ ಹಂಚಿನಂತೆ ಚೂರು. 1948ರ ಜೂನ್‌ನಲ್ಲಿ ಕೊಲಂಬಿಯಾ ಕಂಪನಿ ನ್ಯೂಯಾರ್ಕ್‌ನಲ್ಲಿ ಎಲ್‌ಪಿಯನ್ನು ಹೊರತಂದಿತು: 12 ಅಂಗುಲದ ವಿನೈಲ್, 33⅓ ಸುತ್ತು, ಬದಿಗೆ 20 ನಿಮಿಷಕ್ಕೂ ಮೀರಿದ ಸಂಗೀತ. ಮರುವರ್ಷ ಆರ್‌ಸಿಎ ವಿಕ್ಟರ್ 7 ಅಂಗುಲದ, 45 ಸುತ್ತಿನ ತಟ್ಟೆಯನ್ನು ತಂದಿತು. ಸಿ.ಡಿ. ಬಂದ ಮೇಲೆ ಎರಡೂ ಮೂಲೆ ಸೇರಿದವು. ಹೊಸ ಶತಮಾನದಲ್ಲಿ ಎಲ್‌ಪಿ ಮತ್ತೆ ತಲೆಯೆತ್ತಿತು. 2022ರಲ್ಲಿ ಅಮೆರಿಕದಲ್ಲಿ ಸಿ.ಡಿ.ಗಿಂತ ಹೆಚ್ಚು ವಿನೈಲ್ ತಟ್ಟೆಗಳು ಮಾರಾಟವಾದವು. 1987ರಿಂದೀಚೆಗೆ ಹೀಗಾದದ್ದು ಅದೇ ಮೊದಲು.

ತಟ್ಟೆ ಹುಟ್ಟುವ ಕ್ರಮದಲ್ಲೇ ಒಂದು ಮಿತಿ ಅಡಗಿದೆ. ಮೆರುಗೆಣ್ಣೆ ಬಳಿದ ಅಲ್ಯೂಮಿನಿಯಂ ಫಲಕದ ಮೇಲೆ ಕತ್ತರಿಸುವ ಸೂಜಿ ಮೊದಲು ಗೀರು ಕೊರೆಯುತ್ತದೆ. ಅದರ ಮೇಲೆ ಬೆಳ್ಳಿಯ ಪೊರೆ ಹಿಡಿಸಿ, ನಿಕ್ಕಲ್ ಬೆಳೆಸಿ, ಬಿಡಿಸಿ, ಆ ಲೋಹದ ಪ್ರತಿಯಿಂದ ಮತ್ತೆ ಪ್ರತಿ ಎತ್ತಿ ಕೊನೆಗೆ ಅಚ್ಚು ಮಾಡುತ್ತಾರೆ. ಎರಡು ಅಚ್ಚುಗಳ ನಡುವೆ ಬಿಸಿ ವಿನೈಲಿನ ಉಂಡೆಯನ್ನಿಟ್ಟು ಒತ್ತಿದರೆ ತಟ್ಟೆ ಸಿದ್ಧ. ಒತ್ತುತ್ತ ಹೋದಂತೆ ಅಚ್ಚು ಸವೆಯುತ್ತದೆ, ಆಗ ಹೊಸದು ಬೇಕು. ಮೊದಲ ಫಲಕಗಳನ್ನು ತಯಾರಿಸುವವರು ಬೆರಳೆಣಿಕೆಯಷ್ಟು ಮಂದಿ. 2020ರ ಫೆಬ್ರವರಿಯಲ್ಲಿ ಕ್ಯಾಲಿಫೋರ್ನಿಯಾದ ಬ್ಯಾನಿಂಗ್ ಊರಿನ ಅಪೋಲೊ ಮಾಸ್ಟರ್ಸ್ ಕಾರ್ಖಾನೆ ಸುಟ್ಟುಹೋದಾಗ ಇಡೀ ಉದ್ಯಮವೇ ತತ್ತರಿಸಿದ್ದು ಇದರಿಂದಾಗಿ.

ಹಳೆಯ ತಟ್ಟೆಗಳು ವಿರಳವಾದದ್ದು ಹೆಚ್ಚಾಗಿ ಎಡವಟ್ಟಿನಿಂದ. 1966ರ ಜೂನ್‌ನಲ್ಲಿ ಬೀಟಲ್ಸ್ ತಂಡದ ‘ಯೆಸ್ಟರ್‌ಡೇ ಅಂಡ್ ಟುಡೇ’ ಅಮೆರಿಕದಲ್ಲಿ ಬಂದಾಗ ಅದರ ಮುಖಪುಟದಲ್ಲಿ ನಾಲ್ವರೂ ಕಟುಕರ ಬಿಳಿ ನಿಲುವಂಗಿ ತೊಟ್ಟು, ಮಾಂಸದ ತುಂಡು ಮತ್ತು ಗೊಂಬೆಗಳ ರುಂಡಗಳ ನಡುವೆ ಇದ್ದರು. ಗಲಾಟೆಯಾಯಿತು, ಕ್ಯಾಪಿಟಲ್ ಕಂಪನಿ ಪ್ರತಿಗಳನ್ನು ವಾಪಸು ತರಿಸಿ, ಹಲವು ಹೊದಿಕೆಗಳ ಮೇಲೆ ಸಭ್ಯವಾದ ಇನ್ನೊಂದು ಚಿತ್ರ ಅಂಟಿಸಿ ಮಾರಿತು. ಸಂಗ್ರಾಹಕರು ಇದನ್ನೇ ಮೂರು ದರ್ಜೆ ಮಾಡಿದ್ದಾರೆ: ಅಂಟಿಸದೆ ಉಳಿದದ್ದು ಮೊದಲನೆಯದು, ಅಂಟಿಸಿದ್ದು ಹಾಗೇ ಇರುವುದು ಎರಡನೆಯದು, ಮೇಲಿನ ಚಿತ್ರವನ್ನು ಯಾರೋ ಹಬೆ ಹಿಡಿದೋ ನೀರು ಸವರಿಯೋ ಸುಲಿದದ್ದು ಮೂರನೆಯದು. ಲಂಡನ್ನಿನಲ್ಲಿ 1977ರ ಮಾರ್ಚ್‌ನಲ್ಲಿ ಎ ಅಂಡ್ ಎಂ ಕಂಪನಿ ಸೆಕ್ಸ್ ಪಿಸ್ಟಲ್ಸ್ ತಂಡದೊಡನೆ ಮಾಡಿಕೊಂಡ ಕರಾರು ಒಂದೇ ವಾರದಲ್ಲಿ ಮುರಿದುಬಿತ್ತು. ಒತ್ತಿಟ್ಟಿದ್ದ ‘ಗಾಡ್ ಸೇವ್ ದ ಕ್ವೀನ್’ ತಟ್ಟೆಗಳನ್ನು ನಾಶಮಾಡಲಾಯಿತು. ತಪ್ಪಿಸಿಕೊಂಡ ಕೆಲವೇ ಪ್ರತಿಗಳಿಗೆ ಈಗ ಸಾವಿರಾರು ಪೌಂಡ್ ಬೆಲೆ.

ಕೇವಲ ಒಂದು ಅಂಕಿಯೂ ಬೆಲೆ ಏರಿಸಬಲ್ಲದು. ಬೀಟಲ್ಸ್‌ನ 1968ರ ಬಿಳಿ ಹೊದಿಕೆಯ ಆಲ್ಬಮ್‌ಗೆ ಪುಸ್ತಕದ ಪ್ರತಿಗಳಿಗೆ ಹಾಕುವಂತೆ ಕ್ರಮಸಂಖ್ಯೆ ಹಾಕಿದ್ದರು. ಲಕ್ಷಾಂತರ ಮಾರಾಟವಾದ ತಟ್ಟೆ ಅದು, ವಿರಳವೇನಲ್ಲ. ಆದರೂ ತಂಡದ ರಿಂಗೊ ಸ್ಟಾರ್ ಬಳಿಯಿದ್ದ 0000001 ಸಂಖ್ಯೆಯ ಪ್ರತಿ 2015ರ ಹರಾಜಿನಲ್ಲಿ 7,90,000 ಡಾಲರಿಗೆ ಹೋಯಿತು.

ನುರಿತವರು ನೋಡುವುದು ಹೊದಿಕೆಯನ್ನಲ್ಲ. ಹಾಡು ಮುಗಿದ ಮೇಲೆ ನಡುವಿನ ಚೀಟಿಯವರೆಗೆ ಉಳಿಯುವ ನುಣುಪಾದ ಖಾಲಿ ಪಟ್ಟಿಯಿದೆಯಲ್ಲ, ಅದನ್ನು. ತಟ್ಟೆಯ ಅಂಚು ಹಿಡಿದು ದೀಪಕ್ಕೆ ಓರೆ ಮಾಡಿದರೆ ಅಲ್ಲಿ ಕೈಯಿಂದ ಕೊರೆದ ಅಕ್ಷರ, ಅಂಕಿ, ಮುದ್ರೆಗಳು ಮಿಂಚುತ್ತವೆ. ಜಾಜ್ ಸಂಗೀತದ ಬ್ಲೂ ನೋಟ್ ಕಂಪನಿಯ ತಟ್ಟೆಗಳಲ್ಲಿ ಈ ಓದು ಒಂದು ವಿದ್ಯೆಯೇ ಆಗಿದೆ. ‘ಆರ್‌ವಿಜಿ’ ಎಂದೋ ‘ವ್ಯಾನ್ ಗೆಲ್ಡರ್’ ಎಂದೋ ಇದ್ದರೆ ಗೀರು ಕತ್ತರಿಸಿದವರು ಸ್ವತಃ ಧ್ವನಿಮುದ್ರಣಕಾರ ರೂಡಿ ವ್ಯಾನ್ ಗೆಲ್ಡರ್. ಪಕ್ಕದಲ್ಲಿ ಪುಟ್ಟ ಕಿವಿಯಂಥ ಗುರುತು ಕಂಡರೆ ತಟ್ಟೆ ಪ್ಲಾಸ್ಟಿಲೈಟ್ ಕಾರ್ಖಾನೆಯದು. ‘ಕಿವಿ’ ಎಂದು ಎಲ್ಲರೂ ಕರೆಯುವ ಅದು ವಾಸ್ತವದಲ್ಲಿ ಕೂಡುಬರಹದ ‘ಪಿ’ ಅಕ್ಷರ. ಕಂಪನಿ 1960ರ ದಶಕದ ನಡುವೆ ಲಿಬರ್ಟಿ ಕಂಪನಿಯ ಕೈಸೇರಿದ ಮೇಲೆ ಒತ್ತಿದ ಪ್ರತಿಗಳಿಗೆ ಕಿವಿಯಿಲ್ಲ. ಅದೇ ಹಾಡು, ಅದೇ ಹೊದಿಕೆ. ಕಿವಿಯಿಲ್ಲದ ಕಾರಣಕ್ಕೆ ಬೆಲೆ ಹಲವು ಪಟ್ಟು ಇಳಿಯುತ್ತದೆ.

ಮರುಮುದ್ರಣದ ಹಿರಿಮೆ ತಿಳಿಯಲು ಭಾರತದ್ದೇ ಎರಡು ಉದಾಹರಣೆ ಸಾಕು. ಮುಂಬಯಿಯ ಸಿನಿಮಾ ವಾದ್ಯಗಾರ ಚರಣ್‌ಜಿತ್ ಸಿಂಗ್ 1982ರಲ್ಲಿ ರೋಲೆಂಡ್ ಕಂಪನಿಯ ಸಿಂಥಸೈಜರ್ ಮತ್ತು ತಾಳಯಂತ್ರಗಳ ಮೇಲೆ ಹತ್ತು ರಾಗಗಳನ್ನು ಡಿಸ್ಕೊ ಲಯದಲ್ಲಿ ನುಡಿಸಿದರು. ಎಚ್‌ಎಂವಿ ತಂದ ಆ ಎಲ್‌ಪಿಯನ್ನು ಕೇಳಿದವರು ಕಡಿಮೆ. ಡಚ್ ಸಂಗ್ರಾಹಕ ಎಡೊ ಬೌಮನ್ ಹಳೆಯ ಪ್ರತಿಯೊಂದನ್ನು ಕಂಡು, 2010ರಲ್ಲಿ ತಮ್ಮ ಬಾಂಬೆ ಕನೆಕ್ಷನ್ ಲೇಬಲ್‌ನಿಂದ ಮತ್ತೆ ಒತ್ತಿಸಿದರು. ಕೆಲವೇ ವರ್ಷಗಳ ಬಳಿಕ ಶಿಕಾಗೋದಲ್ಲಿ ಹುಟ್ಟಿದ ಆ್ಯಸಿಡ್ ಹೌಸ್ ಸಂಗೀತದ ನಾದ ಇದರಲ್ಲಿ ಮೊದಲೇ ಇತ್ತಲ್ಲ ಎಂದು ಜಗತ್ತು ಬೆರಗಾಯಿತು. ಭಾರತದ ಗಾಯಕಿ ರೂಪಾ ಬಿಸ್ವಾಸ್ ಅವರು ಕೆನಡಾದ ಕ್ಯಾಲ್ಗರಿಯಲ್ಲಿ ಹಾಡಿದ ‘ಡಿಸ್ಕೊ ಜಾಜ್’ ಕೂಡ 1982ರದೇ. ತಮ್ಮ ತಟ್ಟೆಗೆ ಹೊರದೇಶಗಳಲ್ಲಿ ಇಷ್ಟು ಬೇಡಿಕೆಯಿದೆ ಎಂದು ಅವರಿಗೆ ಗೊತ್ತಾದದ್ದು ದಶಕಗಳ ನಂತರ, ಮಗನಿಂದ. 2019ರಲ್ಲಿ ಶಿಕಾಗೋದ ನ್ಯೂಮೆರೊ ಗ್ರೂಪ್ ಅದನ್ನು ಮರುಮುದ್ರಿಸಿತು. ಇಂಥ ಮರುಮುದ್ರಣ ಮೂಲಪ್ರತಿಯ ಬೆಲೆಯನ್ನು ಇಳಿಸಿಯೇ ಬಿಡುತ್ತದೆ ಎಂದೇನಿಲ್ಲ. ಹಾಡು ಹೆಚ್ಚು ಜನರಿಗೆ ತಲುಪಿದಷ್ಟೂ ಮೊದಲ ಪ್ರತಿ ಬೇಕೆನ್ನುವವರೂ ಹೆಚ್ಚುತ್ತಾರೆ.

ಈಚಿನ ಸೀಮಿತ ಆವೃತ್ತಿಗಳ ದಾರಿ ಬೇರೆ. ಅಲ್ಲಿ ವಿರಳತೆ ತಾನಾಗಿ ಬಂದದ್ದಲ್ಲ, ತಯಾರಿಸಿದ್ದು. ಅಮೆರಿಕದ ಸಣ್ಣ ಅಂಗಡಿಗಳ ಕೈಹಿಡಿಯಲೆಂದು 2008ರ ಏಪ್ರಿಲ್‌ನಲ್ಲಿ ‘ರೆಕಾರ್ಡ್ ಸ್ಟೋರ್ ಡೇ’ ಶುರುವಾಯಿತು. ಆ ದಿನಕ್ಕೆಂದೇ ಒತ್ತಿದ ತಟ್ಟೆಗಳಿಗಾಗಿ ನಸುಕಿನಲ್ಲೇ ಸಾಲು ನಿಲ್ಲುತ್ತದೆ; ಕೊಂಡದ್ದನ್ನು ಸಂಜೆಯೊಳಗೆ ಎರಡು-ಮೂರು ಪಟ್ಟು ಬೆಲೆಗೆ ಜಾಲತಾಣದಲ್ಲಿ ಮಾರಾಟಕ್ಕಿಡುವವರೂ ಅದೇ ಸಾಲಿನಲ್ಲಿರುತ್ತಾರೆ. ಟೇಲರ್ ಸ್ವಿಫ್ಟ್ ಅವರ ‘ಮಿಡ್‌ನೈಟ್ಸ್’ 2022ರಲ್ಲಿ ನಾಲ್ಕು ಹೊದಿಕೆಗಳಲ್ಲಿ ಬಂತು. ನಾಲ್ಕರ ಹಿಂಬದಿಯನ್ನೂ ಜೋಡಿಸಿದರೆ ಒಂದು ಗಡಿಯಾರ ಮೂಡುತ್ತದೆ, ಅಂದರೆ ಗಡಿಯಾರ ಬೇಕಾದವರು ಒಂದೇ ಆಲ್ಬಮ್ಮನ್ನು ನಾಲ್ಕು ಸಲ ಕೊಳ್ಳಬೇಕು. ಇದು ಸಂಗೀತಗಾರ್ತಿಯ ಕಲ್ಪನೆಗಿಂತ ಅಂಗಡಿಯ ಜಾಣತನ. ಜ್ಯಾಕ್ ವೈಟ್ ಅವರ ‘ಲಾಜರೆಟೊ’ (2014) ಇದಕ್ಕಿಂತ ಮೇಲು: ಒಂದು ಬದಿ ಒಳಗಿನಿಂದ ಹೊರಕ್ಕೆ ನುಡಿಯುತ್ತದೆ, ನಡುವಿನ ಚೀಟಿಯ ಅಡಿಯಲ್ಲೂ ಹಾಡು ಅಡಗಿದೆ. ಅಲ್ಲಿ ಆಟ ಆಡಿದ್ದು ತಟ್ಟೆಯೊಡನೆ, ಕೊಳ್ಳುವವರ ಜೇಬಿನೊಡನೆ ಅಲ್ಲ.

ಮೂಲ ಟೇಪಿನಿಂದ ಮಾಡಿದ್ದು ಎಂಬ ಹೊದಿಕೆಯ ಮಾತನ್ನು ಎಷ್ಟು ನಂಬಬೇಕು ಎಂಬ ಪ್ರಶ್ನೆ 2022ರಲ್ಲಿ ಎದ್ದಿತು. ಮೊಬೈಲ್ ಫಿಡೆಲಿಟಿ ಕಂಪನಿ ಮೈಕೆಲ್ ಜ್ಯಾಕ್ಸನ್‌ರ ‘ಥ್ರಿಲ್ಲರ್’ ಆಲ್ಬಮ್ಮನ್ನು 40,000 ಪ್ರತಿ ಒತ್ತುವುದಾಗಿ ಸಾರಿತ್ತು. ನಡುವಿನ ಹಂತಗಳನ್ನು ಬಿಟ್ಟು ಮೊದಲ ಫಲಕದಿಂದಲೇ ನೇರವಾಗಿ ಅಚ್ಚು ತೆಗೆಯುವ ವಿಧಾನ ಅದು. ಅಷ್ಟು ಪ್ರತಿಗೆ ಹತ್ತಾರು ಫಲಕ ಕತ್ತರಿಸಬೇಕು, ಪ್ರತಿಸಲವೂ ಮೂಲ ಟೇಪು ಓಡಬೇಕು. ಅಂಥ ಅಮೂಲ್ಯ ಟೇಪನ್ನು ಅಷ್ಟು ಸಲ ಓಡಿಸಲು ಬಿಟ್ಟವರು ಯಾರು ಎಂದು ಗ್ರಾಹಕರು ಲೆಕ್ಕ ಹಾಕಿದರು. ಟೇಪಿನ ಡಿಜಿಟಲ್ ನಕಲನ್ನು ವರ್ಷಗಳಿಂದ ಬಳಸುತ್ತಿರುವುದನ್ನು ಕಂಪನಿ ಒಪ್ಪಿಕೊಂಡಿತು. ಕೋರ್ಟಿಗೆ ಹೋದ ವ್ಯಾಜ್ಯ ರಾಜಿಯಲ್ಲಿ ಮುಗಿಯಿತು. ಡಿಜಿಟಲ್ ಸೋಂಕಿದರೆ ತಕ್ಷಣ ಕಿವಿಗೆ ಗೊತ್ತಾಗುತ್ತದೆ ಎನ್ನುತ್ತಿದ್ದವರೇ ಅಷ್ಟೂ ವರ್ಷ ಆ ತಟ್ಟೆಗಳನ್ನು ಹೊಗಳಿದ್ದರು.

ಮುದ್ರಣಗಳ ಜಾಡು ಹಿಡಿಯಲು 2000ದಲ್ಲಿ ಆರಂಭವಾದ ಡಿಸ್ಕಾಗ್ಸ್ ಎಂಬ ಅಂತರಜಾಲ ಸೂಚಿಯೇ ಇಂದು ಹೆಚ್ಚಿನವರಿಗೆ ಆಧಾರ. ಒಂದೇ ಆಲ್ಬಮ್ಮಿನ ಪ್ರತಿ ಮುದ್ರಣಕ್ಕೂ ಅಲ್ಲಿ ಬೇರೆ ನಮೂದು. ಖಾಲಿ ಪಟ್ಟಿಯ ಅಕ್ಷರಗಳು, ಹಿಂದಿನ ಮಾರಾಟದ ಬೆಲೆ ಎರಡೂ ಸಿಗುತ್ತವೆ. ಕೊಂಡದ್ದನ್ನು ಜೋಪಾನವಾಗಿ ಇಟ್ಟುಕೊಳ್ಳುವುದು ಮಾತ್ರ ಕೊಂಡವರದೇ ಹೊಣೆ. ತಟ್ಟೆಗಳನ್ನು ಒಂದರ ಮೇಲೊಂದು ಪೇರಿಸಬಾರದು, ಪುಸ್ತಕದಂತೆ ನೆಟ್ಟಗೆ ನಿಲ್ಲಿಸಬೇಕು. ಬಿಸಿಲು ತಾಗಿದರೆ ಡೊಂಕಾಗುತ್ತವೆ. ಮಲೆನಾಡು, ಕರಾವಳಿಯ ಮಳೆಗಾಲದಲ್ಲಿ ಮೊದಲು ಬೂಷ್ಟು ಹಿಡಿಯುವುದು ಹೊದಿಕೆಗೆ, ಆಮೇಲೆ ಗೀರಿಗೆ. ಹಳೆಯ ಪಿವಿಸಿ ಚೀಲದಲ್ಲಿ ವರ್ಷಗಟ್ಟಲೆ ಬಿಟ್ಟ ತಟ್ಟೆಯ ಮೇಲೆ ಮಂಜು ಕವಿದಂತೆ ಮಸುಕು ಮೂಡುತ್ತದೆ, ಅದು ತೊಳೆದರೂ ಹೋಗುವುದಿಲ್ಲ.